ಈಳಿಗೆಯಿಂದ ಚಾಕುವಿಗೆ: ನಮ್ಮ ಬೆರಳುಗಳ ಒಂದು ಇತಿಹಾಸ

ಭಾಗ 1

ಫೋಟೋದಲ್ಲಿರೋದು ಏನು ಅಂತ ಗೊತ್ತಲ್ವಾ? ಒಂದು ಮರದ ಮಣೆ. ಅದರ ತುದೀಲಿ ಬಾಗಿ ಎದ್ದು ನಿಂತ ಕಬ್ಬಿಣದ ಅಲಗು. ಅಲಗಿನ ತಲೆ ಮೇಲೆ ತೆಂಗಿನಕಾಯಿ ತುರಿಯೋಕೆ ಹಲ್ಲು ಹಲ್ಲಾಗಿರೋ ಬಿಲ್ಲೆ. ಮೈಸೂರು ಕಡೆ ಇದು ಈಳಿಗೆಮಣೆ, ಉತ್ತರ ಕರ್ನಾಟಕದ ಬಾಯಲ್ಲಿ ಈಳಿಗಿ, ಮಲೆನಾಡು ಕರಾವಳಿಯಲ್ಲಿ ಮೆಟ್ಟುಕತ್ತಿ. ಗಡಿ ದಾಟಿದ್ರೆ ಮರಾಠಿಯಲ್ಲಿ ವಿಳಿ, ತಮಿಳಲ್ಲಿ ಅರಿವಾಳ್‌ಮನೈ, ತೆಲುಗಲ್ಲಿ ಕತ್ತಿಪೀಟ, ಒಡಿಯಾದಲ್ಲಿ ಪನಿಕಿ, ಬಂಗಾಳಿಯಲ್ಲಿ ಬೋಟಿ, ನೇಪಾಳದಲ್ಲಿ ಚುಲೇಸಿ. ಇಷ್ಟು ಭಾಷೆಗಳಲ್ಲಿ ಇಷ್ಟು ಬೇರೆ ಬೇರೆ ಹೆಸರು, ಆದ್ರೆ ವಸ್ತು ಮಾತ್ರ ಹೆಚ್ಚು ಕಮ್ಮಿ ಒಂದೇ.

ನಮ್ಮ ಪಠ್ಯಪುಸ್ತಕದಲ್ಲಿ ಟಿಪ್ಪು ಕತ್ತಿ ಇದೆ, ಶಿವಾಜಿ ಕತ್ತಿ ಇದೆ. ಆ ಎಲ್ಲಾ ಕತ್ತಿಗಳಿಗಿಂತ ಜಾಸ್ತಿ ಸಲ, ದಿನಕ್ಕೆ ಎರಡು ಹೊತ್ತು, ಎಷ್ಟೋ ತಲೆಮಾರು ಕೆಲಸ ಮಾಡಿದ ಕತ್ತಿ ಇದು. ಪುಸ್ತಕದಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ.

ಈ ಸರಣೀಲಿ ನಾನು ಹಿಡಿದಿರೋ ಪ್ರಶ್ನೆ ಚಿಕ್ಕದು. ನಿಮ್ಮ ಮನೇಲಿ ಬೀನ್ಸ್ ಹೆಚ್ಚೋದನ್ನ ಒಂದ್ಸಲ ಗಮನಿಸಿ. ತುಂಬಾ ಮನೆಗಳಲ್ಲಿ ಕಟಿಂಗ್ ಬೋರ್ಡ್ ಇದ್ರೂ ಅದು ಗೋಡೆಗೆ ಒರಗಿರುತ್ತೆ. ಎಡಗೈಯಲ್ಲಿ ಬೀನ್ಸ್ ಹಿಡಿ, ಬಲಗೈಯಲ್ಲಿ ಸಣ್ಣ ಚಾಕು, ಚಾಕು ಬರೋದು ಸೀದಾ ಹೆಬ್ಬೆರಳಿನ ಕಡೆಗೆ, ಹೋಳು ಬೀಳೋದು ಪಾತ್ರೆಗೆ. ಹೆಬ್ಬೆರಳೇ ಬೋರ್ಡು. ಈ ಅಭ್ಯಾಸ ಎಲ್ಲಿಂದ ಬಂತು?

ನನ್ನ ಉತ್ತರ: ಬಹುಮಟ್ಟಿಗೆ ಈ ಮಣೆಯಿಂದ. ಮಣೆ ಹೋಯ್ತು, ಅದು ಕಲಿಸಿದ ಕೈ ಹಾಗೇ ಉಳೀತು. ಮಣೆ ಜೊತೆ ಇದ್ದ ಕಾಯ್ದೆಗಳು ಮಾತ್ರ ಮಣೆ ಜೊತೆಗೇ ಅಟ್ಟ ಸೇರಿದ್ವು.

ಭಾಗ 2

ಮೊದಲು ಇದು ಕೆಲಸ ಮಾಡೋ ರೀತಿ ನೋಡೋಣ, ಯಾಕಂದ್ರೆ ಇಡೀ ಕಥೆ ಇರೋದು ಇಲ್ಲೇ.

ಚಾಕುವಲ್ಲಿ ಕತ್ತಿ ಓಡಾಡುತ್ತೆ, ತರಕಾರಿ ಸುಮ್ನಿರುತ್ತೆ. ಈಳಿಗೆಯಲ್ಲಿ ಇದು ಪೂರ್ತಿ ಉಲ್ಟಾ. ಕತ್ತಿ ಅಲ್ಲಾಡಲ್ಲ, ತರಕಾರಿ ಓಡಾಡುತ್ತೆ. ಮಣೆ ಮೇಲೆ ಕೂತವರ ತೂಕ, ಇಲ್ಲಾಂದ್ರೆ ಮೆಟ್ಟಿದ ಕಾಲಿನ ತೂಕ, ಕತ್ತೀನ ಹಿಡಿದಿಟ್ಟಿರುತ್ತೆ. ಮೆಟ್ಟುಕತ್ತಿ ಅನ್ನೋ ಹೆಸರೇ ಅದನ್ನ ಹೇಳುತ್ತೆ. ಅಲಗಿನ ಹರಿತವಾದ ಬದಿ ಕೂತವರ ಕಡೆಗೇ ಮುಖ ಮಾಡಿರುತ್ತೆ. ಹಾಗಾಗಿ ಎರಡೂ ಕೈ ಖಾಲಿ. ಎರಡೂ ಕೈಯಲ್ಲಿ ತರಕಾರಿ ಹಿಡಿದು, ಮೈಯಿಂದ ಆಚೆಗೆ, ಅಲಗಿನ ಮೇಲೆ ತಳ್ಳೋದು. ಹೋಳುಗಳು ಕೆಳಗಿಟ್ಟ ನೀರಿನ ಪಾತ್ರೆಗೆ ಬೀಳ್ತವೆ. ಬೋರ್ಡ್ ಬೇಕಿಲ್ಲ.

ಹಲಸಿನಕಾಯಿ, ಸುವರ್ಣಗಡ್ಡೆ, ಸಿಹಿಗುಂಬಳ, ಬಾಳೆದಿಂಡು, ದೊಡ್ಡ ಮೀನು. ಇಂಥವಕ್ಕೆ ಈಳಿಗೆ ಎಷ್ಟು ಒಳ್ಳೇದು ಅಂತ ಚಾಕು ಹಿಡಿದು ಒದ್ದಾಡಿದವರಿಗೇ ಗೊತ್ತು. ಚಾಕುವಿನಲ್ಲಿ ಕುಂಬಳ ಸೀಳೋವಾಗ ಒಂದು ಕೈಯ ಬಲ ಮಾತ್ರ ಸಿಗುತ್ತೆ, ಇನ್ನೊಂದು ಕೈ ಉರುಳೋ ಕಾಯಿ ಹಿಡ್ಕೊಂಡು ಅಪಾಯದ ದಾರೀಲಿ ಇರುತ್ತೆ. ಈಳಿಗೆ ಮೇಲೆ ಎರಡು ಕೈ, ಎರಡು ಭುಜ, ಬೆನ್ನು, ಎಲ್ಲದರ ಬಲವೂ ಸಿಗುತ್ತೆ. ಎರಡು ಕೈಯೂ ಅಲಗಿನ ಆ ಕಡೆ ಒಂದು, ಈ ಕಡೆ ಒಂದು ಇರುತ್ತೆ. ಕತ್ತಿ ದಾಟಿ ಹೋಗೋದು ಎರಡು ಕೈಗಳ ನಡುವಿನ ಖಾಲಿ ಜಾಗದಲ್ಲಿ.

ಹಲಸಿನ ಮೇಣ ಅಂಟದೇ ಇರಲಿ ಅಂತ ಕೈಗೂ ಅಲಗಿಗೂ ಕೊಬ್ಬರಿ ಎಣ್ಣೆ ಹಚ್ಚೋದು, ಜಾರೋ ಮೀನಿಗೆ ಒಲೆ ಬೂದಿ ಮೆತ್ತಿ ಹಿಡಿಯೋದು, ಇವೆಲ್ಲ ಬರೀ ಸ್ವಚ್ಛತೆಗೆ ಅಂದ್ಕೊಂಡ್ರೆ ಅರ್ಧ ಮಾತ್ರ ಸರಿ. ಹಿಡಿತ ತಪ್ಪಬಾರದು ಅನ್ನೋದು ಇನ್ನರ್ಧ.

ಹಾಗಂತ ಈಳಿಗೆ ಸಾಧು ಪ್ರಾಣಿ ಅಲ್ಲ. ಎದ್ದು ನಿಂತ ಬರಿ ಅಲಗು, ಅದೂ ನೆಲದ ಮಟ್ಟದಲ್ಲಿ, ಅಂಬೆಗಾಲಿಡೋ ಮಗು ಇರೋ ಮನೇಲಿ. ಕಾಯಿಯ ಕೊನೇ ತುಂಡು ಬಂದಾಗ ತಳ್ಳೋ ಬೆರಳು ಅಲಗಿನ ದಾರಿಗೇ ಬರುತ್ತೆ. ಮಲೆನಾಡಲ್ಲಿ ಅಡಿಕೆ ಸುಲಿಯೋ ಕಾಲದಲ್ಲಿ ಹೆಂಗಸರು ಸಾಲಾಗಿ ಮೆಟ್ಟುಕತ್ತಿ ಮುಂದೆ ಕೂತು ರಾತ್ರಿವರೆಗೂ ಸುಲಿತಾರೆ. ಆ ವೇಗ ನೋಡಿದ್ರೆ ಮೈ ಜುಮ್ ಅನ್ನುತ್ತೆ. ಸುಲಿದಷ್ಟು ಕೂಲಿ ಅಂದಾಗ ಕೈ ನಿಧಾನ ಆಗೋ ಹಾಗಿಲ್ಲ. ಬೆರಳಿನ ಗಾಯದ ಇತಿಹಾಸ ಅಂದ್ರೆ ಅರ್ಧ ದುಡಿಮೆಯ ಇತಿಹಾಸ.

ಭಾಗ 3

ಇಂಥ ವಸ್ತುವಿಗೆ ಶಾಸನ ಇಲ್ಲ, ದಾನಪತ್ರ ಇಲ್ಲ. ಹಾಗಾದ್ರೆ ಪುರಾವೆ ಎಲ್ಲಿ ಸಿಗುತ್ತೆ? ಚಿತ್ರಗಳಲ್ಲಿ.

19ನೇ ಶತಮಾನದ ಕಲ್ಕತ್ತಾದಲ್ಲಿ, ಕಾಳಿಘಾಟ್ ದೇವಸ್ಥಾನದ ಸುತ್ತ, ಯಾತ್ರಿಕರಿಗೆ ಮಾರೋಕೆ ಅಗ್ಗದ ಕಾಗದದ ಮೇಲೆ ಚಕಚಕ ಬರೀತಿದ್ದ ಚಿತ್ರಗಳಿವೆ. ದೇವರ ಚಿತ್ರಗಳ ಜೊತೆ ದಿನನಿತ್ಯದ ಬದುಕೂ ಅದರಲ್ಲಿ ಬಂತು. ಬೋಟಿ ಮುಂದೆ ಕೂತು ಮೀನು ಹೆಚ್ಚೋ ಹೆಂಗಸು ಅಲ್ಲಿ ಸಿಗ್ತಾಳೆ. ಕೂರೋ ಭಂಗಿ, ಕಾಲಿಡೋ ರೀತಿ, ಎರಡೂ ಕೈ ಮೀನಿನ ಮೇಲೆ. ಇವತ್ತಿಗೂ ಕೋಲ್ಕತ್ತಾದ ಮೀನು ಮಾರುಕಟ್ಟೇಲಿ ಬೋಟಿ ಕೆಲಸ ಮಾಡೋದು ಹಾಗೇ.

ಅದೇ ಚಿತ್ರಕಾರರು ಇನ್ನೊಂದು ಸರಣೀನ ಮತ್ತೆ ಮತ್ತೆ ಬರೆದ್ರು. 1873ರಲ್ಲಿ ತಾರಕೇಶ್ವರದ ಮಹಂತನ ಜೊತೆ ಸಂಬಂಧ ಇದೆ ಅಂತ ಏಲೋಕೇಶಿ ಅನ್ನೋ ಹದಿನಾರರ ಹುಡುಗೀನ ಗಂಡ ನಬೀನ ಕೊಂದ. ಕೊಂದಿದ್ದು ಮೀನು ಹೆಚ್ಚೋ ಬೋಟಿಯಿಂದ. ಬಂಗಾಳ ಪೂರ್ತಿ ಆ ಕೇಸಿನ ಮಾತೇ ಮಾತು, ನಾಟಕ ಬಂತು, ಚಿತ್ರ ಬಂತು. ಜನರ ಕನಿಕರ ಜಾಸ್ತಿ ಹೋಗಿದ್ದು ಕೊಂದ ಗಂಡನ ಕಡೆಗೆ ಅನ್ನೋದನ್ನ ಓದಿದಾಗ ಸಿಟ್ಟು ಬರುತ್ತೆ, ಅದು ಬೇರೆ ಪೋಸ್ಟ್. ಇಲ್ಲಿ ನಾನು ಗಮನಿಸಿದ್ದು ಆಯುಧ. ಅಡುಗೆಮನೆಯ ಅತಿ ಹರಿತವಾದ ವಸ್ತು ಯಾವಾಗಲೂ ಕೈಗೆಟುಕೋ ಹಾಗೆ, ನೆಲದ ಮೇಲೆ ಇತ್ತು.

ನಮ್ಮ ಕಡೆ ಹಳೇ ಸಾಮಾನು ನೋಡ್ಬೇಕಂದ್ರೆ ರಾಮನಗರದ ಹತ್ರ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಇದೆ, ಬೆಂಗಳೂರು ಮೈಸೂರು ರಸ್ತೆ ಮೇಲೇ. ಪುಣೆಗೆ ಹೋದ್ರೆ ರಾಜಾ ದಿನಕರ್ ಕೇಳ್ಕರ್ ಮ್ಯೂಸಿಯಂ ತಪ್ಪಿಸ್ಕೋಬೇಡಿ. ಒಬ್ಬ ಮನುಷ್ಯ ಜೀವನ ಪೂರ್ತಿ ದೀಪ, ಅಡಕತ್ತರಿ, ಅಡುಗೆ ಸಾಮಾನು ಅಂತ ಹುಡುಕಿ ಕೂಡಿಟ್ಟ ಸಂಗ್ರಹ ಅದು.

ಭಾಗ 4

ಈಗ ಅಲಗು. ಕರ್ನಾಟಕದಲ್ಲಿ ಕಬ್ಬಿಣ ಹಳೇದು. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಅಗೆದಾಗ ಸಿಕ್ಕ ಕಬ್ಬಿಣದ ವಸ್ತುಗಳ ಕಾಲ ಸುಮಾರು ಕ್ರಿ.ಪೂ. 1000. ಮುಂದೆ ಇಲ್ಲೇ ದಕ್ಷಿಣದಲ್ಲಿ ಮೂಸೆಯಲ್ಲಿ ಕರಗಿಸಿ ಮಾಡ್ತಿದ್ದ ಉಕ್ಕು ಜಗತ್ತಿಗೆಲ್ಲ ಹೆಸರಾಯ್ತು. ಇಂಗ್ಲಿಷಿನವರು ಅದನ್ನ ವೂಟ್ಜ್ ಅಂದ್ರು. ನಮ್ಮ 'ಉಕ್ಕು' ಅನ್ನೋ ಪದವೇ ಯಾರದ್ದೋ ಕಿವೀಲೋ ಬರವಣಿಗೇಲೋ ಕೆಟ್ಟು ಹಾಗಾಯ್ತು ಅನ್ನೋದು ಹೆಚ್ಚಿನವರು ಒಪ್ಪೋ ಮಾತು. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟೀಲಿ ಇದರ ಮೇಲೆ ಪ್ರಬಂಧ ಓದಿದ. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿ ಕಬ್ಬಿಣ ಕರಗಿಸೋದು, ಉಕ್ಕು ಮಾಡೋದು, ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯೋದು ಎಲ್ಲ ಬರೆದಿಟ್ಟಿದ್ದಾನೆ. 1819ರಿಂದ ಮೈಕೆಲ್ ಫ್ಯಾರಡೇ (ಹೌದು, ಫಿಸಿಕ್ಸ್ ಬುಕ್ಕಿನ ಅದೇ ಫ್ಯಾರಡೇ) ಜೇಮ್ಸ್ ಸ್ಟೋಡಾರ್ಟ್ ಅನ್ನೋ ಚಾಕು ತಯಾರಕನ ಜೊತೆ ಸೇರಿ ಈ ಉಕ್ಕಿನ ಗುಟ್ಟು ಹುಡುಕೋಕೆ ಪ್ರಯೋಗ ಮಾಡಿದ.

ಇಷ್ಟು ದೊಡ್ಡ ಉಕ್ಕು ಇದ್ರೂ ಅದು ಅಡುಗೆಮನೆಗೆ ಬಂದಿದ್ದು ಕಮ್ಮಿ ಅಂತಲೇ ನನಗನ್ಸುತ್ತೆ. ಅದು ಹೋಗಿದ್ದು ಖಡ್ಗಕ್ಕೆ, ಉಳಿಗೆ, ತಂತಿಗೆ. ಈಳಿಗೆ ಅಲಗು ಊರಿನ ಕಮ್ಮಾರ ತಟ್ಟಿದ ಸಾದಾ ಕಬ್ಬಿಣ. ಕಮ್ಮಾರ ಆಯಗಾರರಲ್ಲಿ ಒಬ್ಬ, ಕೂಲಿ ಕಾಳಿನಲ್ಲಿ. ಸಾದಾ ಕಬ್ಬಿಣಕ್ಕೆ ಎರಡು ಗುಣ: ಬೇಗ ಮೊಂಡಾಗುತ್ತೆ, ಅಷ್ಟೇ ಬೇಗ ಹರಿತವೂ ಆಗುತ್ತೆ. ಕಲ್ಲಿನ ಮೆಟ್ಟಿಲಿಗೆ ನಾಲ್ಕು ಸಲ ಉಜ್ಜಿದ್ರೆ ಸಾಕು. ತುಕ್ಕು ಹಿಡಿಯುತ್ತೆ ಅಂತ ಒರೆಸಿಡಲೇಬೇಕು. ಬದನೆಕಾಯಿ, ಬಾಳೆಕಾಯಿ ಕಪ್ಪಾಗುತ್ತೆ ಅಂತ ನೀರಿಗೋ ಮಜ್ಜಿಗೆಗೋ ಹಾಕಲೇಬೇಕು. ಅಂದ್ರೆ ದಿನಾ ಒಂದ್ಸಲ ಕತ್ತಿಯ ಬಾಯಿ ಕಡೆ ಯಾರಾದ್ರೂ ಕಣ್ಣಿಟ್ಟು ನೋಡಲೇಬೇಕಿತ್ತು. ಈ ಮಾತು ನೆನಪಿಟ್ಕೊಳ್ಳಿ, ಭಾಗ 7ಕ್ಕೆ ಬೇಕು.

ಒಂದು ಪದದ ವಿಷಯ. ಕತ್ತಿ ನಮ್ಮದೇ ದ್ರಾವಿಡ ಪದ, ತಮಿಳು ತೆಲುಗಲ್ಲೂ ಅದೇ. ಚೂರಿ ಸಂಸ್ಕೃತದ ಛುರಿಕಾ ಕಡೆಯಿಂದ ಬಂದಿದ್ದು. ಚಾಕು ಪಾರಸಿ ಕಡೆಯದ್ದು. ಹೆಸರಿಗೆ ಹೆಸರು ಎರವಲು, ಆದ್ರೆ ಮಾಡೋ ಕೆಲಸಕ್ಕೆ ಮಾತ್ರ ನಮ್ಮಲ್ಲಿ ಪದಗಳ ರಾಶಿ: ಹೆಚ್ಚು, ಕೊಚ್ಚು, ಸೀಳು, ಕೊಯ್ಯಿ, ಕೊರೆ, ಹೆರೆ, ತುರಿ. ಎಲ್ಲದಕ್ಕೂ 'ಕಟ್ ಮಾಡು' ಅನ್ನೋ ನಾವು ಏನು ಕಳ್ಕೊಂಡಿದ್ದೀವಿ ಅಂದ್ರೆ, ಪ್ರತೀ ಪದವೂ ಬೇರೆ ಕೈಚಲನೆ. ಸೀಳೋದು ಒಂದೇ ಒತ್ತು. ಕೊಚ್ಚೋದು ಮೇಲಿಂದ ಮೇಲೆ. ಹೆರೆಯೋದು ಮೇಲ್ಮೈ ಮೇಲೆ. ಯಾವ ಪದ ಹೇಳಿದ್ರೂ ಕೈ ಎಲ್ಲಿರಬೇಕು ಅಂತ ಅದರಲ್ಲೇ ಇತ್ತು.

ಭಾಗ 5

ಅಜ್ಜಿಯರ ಕಾಯ್ದೆಗಳು. ಇದಕ್ಕೆ ಕೇಳಿ ಕೇಳಿ ಒಂದು ಪಟ್ಟಿ ಮಾಡಿದ್ದೆ, ಅದರಲ್ಲಿ ಕೆಲವು.

ಈಳಿಗೆ ನಿಲ್ಲಿಸಿ ಎದ್ದು ಹೋಗ್ಬಾರದು, ಮಗ್ಗುಲಾಗಿ ಮಲಗಿಸಿ ಅಲಗು ಗೋಡೆ ಕಡೆ ಮಾಡಿಡಬೇಕು. ಈಳಿಗೆ ದಾಟಬಾರದು. ಕತ್ತೀನ ಕೈಯಿಂದ ಕೈಗೆ ಕೊಡಬಾರದು, ಕೆಳಗಿಡಬೇಕು, ಬೇಕಾದವರು ತಗೋಬೇಕು. ಕೈಗೆ ಕೊಟ್ರೆ ಜಗಳ ಆಗುತ್ತೆ. ಕತ್ತರಿ ಸುಮ್ನೆ ಆಡಿಸಬಾರದು, ಅದಕ್ಕೂ ಜಗಳ. ಆಯುಧಪೂಜೆ ದಿನ ಪೂಜೆ ಆದ ಮೇಲೆ ಈಳಿಗೆ ಮುಟ್ಟಬಾರದು.

'ಮೂಢನಂಬಿಕೆ ಹಿಂದೆ ವಿಜ್ಞಾನ' ಅಂತ ರೀಲ್ಸ್ ನೋಡಿ ನೋಡಿ ನನಗೆ ಸಾಕಾಗಿದೆ, ಹಾಗಾಗಿ ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಮೊದಲ ಮೂರು ಶುದ್ಧ ಸುರಕ್ಷತೆಯ ಕಾಯ್ದೆ. ಮಕ್ಕಳಿಗೆ ಕಾರಣ ವಿವರಿಸೋಕೆ ಪುರುಸೊತ್ತಿಲ್ಲದ ಮನೇಲಿ 'ಜಗಳ ಆಗುತ್ತೆ' ಅನ್ನೋದು ಬೇಗ ಕೆಲಸ ಮಾಡುತ್ತೆ. ಕತ್ತಿ ಕೆಳಗಿಟ್ಟು ಕೊಡೋ ಪದ್ಧತಿಯಂತೂ ಇವತ್ತಿನ ದೊಡ್ಡ ಆಸ್ಪತ್ರೆಗಳ ಆಪರೇಷನ್ ಥಿಯೇಟರ್‌ನಲ್ಲೂ ಇದೆ. ಹರಿತವಾದ ಉಪಕರಣವನ್ನ ನರ್ಸ್ ಸೀದಾ ಸರ್ಜನ್ ಕೈಗೆ ಕೊಡದೆ ಒಂದು ಟ್ರೇಯಲ್ಲೋ ಗುರುತು ಮಾಡಿದ ಜಾಗದಲ್ಲೋ ಇಡ್ತಾರೆ, ಅವರು ಎತ್ಕೋತಾರೆ. ನಮ್ಮಜ್ಜಿಯರೂ ಅವರೂ ಬೇರೆ ಬೇರೆ ದಾರೀಲಿ ಒಂದೇ ಜಾಗಕ್ಕೆ ಬಂದಿದ್ದಾರೆ.

ಗ್ರಹಣದಲ್ಲಿ ಗರ್ಭಿಣಿ ತರಕಾರಿ ಹೆಚ್ಚಿದ್ರೆ ಮಗೂಗೆ ಸೀಳು ತುಟಿ ಬರುತ್ತೆ ಅನ್ನೋದು ಮಾತ್ರ ಸುಳ್ಳು. ಅದಕ್ಕೂ ಗ್ರಹಣಕ್ಕೂ ಸಂಬಂಧ ಇಲ್ಲ. ಇಂಥ ಮಾತಿನಿಂದ ಆಗಿದ್ದು ಒಂದೇ, ಸೀಳು ತುಟಿಯ ಮಗು ಹುಟ್ಟಿದಾಗ ತಾಯೀನ ಬೈಯೋಕೆ ಒಂದು ನೆಪ. ಬೂದುಗುಂಬಳಕ್ಕೆ ಮೊದಲ ಏಟು ಗಂಡಸೇ ಹಾಕಬೇಕು ಅನ್ನೋದು ಇನ್ನೊಂದು ಜಾತಿಯದ್ದು. ಕುಂಬಳ ಬಲಿಯ ಬದಲಿಗೆ ಬಂದ ಕಾಯಿ, ಅದಕ್ಕೇ ಕೂಷ್ಮಾಂಡ ಬಲಿ ಅಂತಾರೆ. ಅಲ್ಲಿ ಸುರಕ್ಷತೆ ಹುಡುಕೋಕೆ ಹೋಗ್ಬೇಡಿ.

ಗಂಡಸರು ಅಂದ ಕೂಡ್ಲೇ ಒಂದು ಚಂದದ ವಿಷಯ. ದಿನದ ಅಡುಗೆಗೆ ಹೆಚ್ಚೋದು ಹೆಂಗಸರೇ ಆದ್ರೂ, ಹವ್ಯಕರ ಮನೆಗಳಲ್ಲಿ ಮದುವೆ ಉಪನಯನದ ಹಿಂದಿನ ರಾತ್ರಿ ನೆರೆಹೊರೆಯ ಗಂಡಸರು ಸೇರಿ 'ಬೆಂದಿಗೆ ಕೊರೆಯೋದು' ಅಂತ ಇದೆ. ನೂರಾರು ಜನರ ಊಟಕ್ಕೆ ತರಕಾರಿ ಹೆಚ್ಚೋ ಆ ಕೂಟದಲ್ಲಿ ಹರಟೆ, ನಗು, ಎಲೆಯಡಿಕೆ ಎಲ್ಲ ಇರುತ್ತೆ. ಹೊಸ ಹುಡುಗರು ಕತ್ತಿ ಹಿಡಿಯೋದು ಕಲಿತಿದ್ದು ಅಲ್ಲೇ, ಪಕ್ಕದಲ್ಲಿ ಕೂತವರ ಕೈ ನೋಡಿ.

ಭಾಗ 6

ಹಾಗಾದ್ರೆ ನೆಲದಿಂದ ನಾವು ಎದ್ದಿದ್ದು ಯಾವಾಗ?

ಹಳೇ ಅಡುಗೆಮನೆ ನೆಲದ ಮೇಲಿತ್ತು. ಒಲೆ ನೆಲದಲ್ಲಿ, ಒರಳು ನೆಲದಲ್ಲಿ, ಬೀಸೋ ಕಲ್ಲು ನೆಲದಲ್ಲಿ. ಒಲೆ ಎಲ್ಲಿರುತ್ತೋ ಅಡುಗೆ ಮಾಡೋರು ಅಲ್ಲಿರ್ತಾರೆ, ಅವರಿರೋ ಎತ್ತರಕ್ಕೇ ಕತ್ತಿ ಇರುತ್ತೆ. ಹಾಗಾಗಿ ಕತ್ತಿಯ ಕಥೆ ಬದಲಾಗ್ಬೇಕಂದ್ರೆ ಮೊದಲು ಒಲೆ ಎದ್ದು ನಿಲ್ಲಬೇಕು.

ಎಬ್ಬಿಸಿದ್ದು ಗ್ಯಾಸ್. ಭಾರತದಲ್ಲಿ ಅಡುಗೆ ಅನಿಲ 1955ರಲ್ಲಿ ಬರ್ಮಾ ಶೆಲ್ ಕಂಪನಿಯಿಂದ ಬಾಂಬೆಯಲ್ಲಿ ಶುರುವಾಯ್ತು. ಇಂಡೇನ್ ಬಂದಿದ್ದು 1960ರ ದಶಕದ ನಡುವಿನಲ್ಲಿ. ಈ ಅನಿಲ ಗಾಳಿಗಿಂತ ಭಾರ, ಸೋರಿದ್ರೆ ನೆಲದ ಮೇಲೆ ಹರಡುತ್ತೆ. ಹಾಗಾಗಿ ಗ್ಯಾಸ್ ಕಂಪನಿಗಳ ಕಡ್ಡಾಯ ಸೂಚನೆ: ಒಲೆ ಸಿಲಿಂಡರ್‌ಗಿಂತ ಎತ್ತರದಲ್ಲಿರಬೇಕು, ಒಂದು ಕಟ್ಟೆ ಬೇಕು. ಗ್ಯಾಸ್ ಬಂದ ಕಡೆಯೆಲ್ಲ ಕಟ್ಟೆ ಬಂತು. ಅದೇ 1960ರ ದಶಕದಲ್ಲಿ ಸುಮೀತ್ ಮಿಕ್ಸಿ ಬಂದು ಒರಳಿನ ಕೆಲಸವನ್ನೂ ಕಟ್ಟೆ ಮೇಲೆ ಹತ್ತಿಸ್ತು. ಹಳ್ಳಿಗಳಲ್ಲಿ ಇದು ತುಂಬಾ ತಡ. 2016ರ ಉಜ್ವಲಾ ಯೋಜನೆಯಲ್ಲಿ ಮೊದಲ ಸಲ ಸಿಲಿಂಡರ್ ಬಂದ ಮನೆಗಳಲ್ಲಿ ಈ ಬದಲಾವಣೆ ನಮ್ಮ ಕಣ್ಣೆದುರೇ ಆಗಿದ್ದು.

ಈಳಿಗೆ ಒಂದಷ್ಟು ವರ್ಷ ನೆಲದಲ್ಲೇ ಉಳೀತು. ಆಮೇಲೆ ಕಟ್ಟೆ ಹತ್ತೋಕೆ ನೋಡ್ತು: ಸ್ಟೀಲಿನ ಪುಟ್ಟ ಈಳಿಗೆ, ಮಡಚೋ ಈಳಿಗೆ. ಆದ್ರೆ ಕಟ್ಟೆ ಮೇಲೆ ಅದನ್ನ ಒತ್ತಿ ಹಿಡಿಯೋಕೆ ಮೈಯ ತೂಕ ಇಲ್ಲ, ಕಾಲಿಲ್ಲ. ಮೆಟ್ಟೋಕಾಗದ ಮೆಟ್ಟುಕತ್ತಿ ಎಷ್ಟು ದಿನ ಬಾಳುತ್ತೆ?

ನಿಂತು ಮಾಡೋ ಅಡುಗೆಮನೆಗೆ ಜಗತ್ತೆಲ್ಲ ಕೊಡೋ ಉದಾಹರಣೆ ಒಂದಿದೆ. 1926ರಲ್ಲಿ ಮಾರ್ಗರೆಟೆ ಶೂಟ್ಟೆ ಲಿಹೋಟ್ಸ್ಕಿ ಅನ್ನೋ ಆಸ್ಟ್ರಿಯಾದ ವಾಸ್ತುಶಿಲ್ಪಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಹೊಸ ಮನೆಗಳಿಗೆ ಮಾಡಿದ ವಿನ್ಯಾಸ, ಸುಮಾರು 10,000 ಮನೆಗಳಲ್ಲಿ ಕಟ್ಟಿದ್ರು. ಮಜಾ ಏನಂದ್ರೆ, ಒಂದೊಂದು ಹೆಜ್ಜೆ ಲೆಕ್ಕ ಹಾಕಿ ಮಾಡಿದ ಆ ಅಡುಗೆಮನೇಲೂ ಆಕೆ ಕಿಟಕಿ ಪಕ್ಕ ಒಂದು ಕೆಲಸದ ಮೇಜು, ತಿರುಗೋ ಸ್ಟೂಲು, ಸಿಪ್ಪೆ ತಳ್ಳೋಕೆ ಒಂದು ಡ್ರಾಯರ್ ಇಟ್ಟಿದ್ರು. ಬೆಳಕಿರೋ ಕಡೆ ಕೂತು ಹೆಚ್ಚಲಿ ಅಂತ. ನಮ್ಮ ಅಪಾರ್ಟ್‌ಮೆಂಟ್ ಕಿಚನ್‌ಗಳು ಕಟ್ಟೆ ತಗೊಂಡ್ವು, ಸ್ಟೂಲು ಬಿಟ್ವು. ತುಂಬಾ ಮನೇಲಿ ಕಟ್ಟೆ ಅಂಚಿಗೆ ನಿಂತು, ನಮ್ಮದೇ ನೆರಳು ಬೀಳೋ ಜಾಗದಲ್ಲಿ ಹೆಚ್ಚುತೀವಿ.

ಭಾಗ 7

ಕಟ್ಟೆ ಜೊತೆ ಬಂದಿದ್ದು ಸ್ಟೀಲ್ ಚಾಕು. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ಬಂದೂಕಿನ ನಳಿಗೆ ಬೇಗ ಸವೆಯದ ಲೋಹ ಹುಡುಕ್ತಾ ಇದ್ದ, ಸಿಕ್ಕಿದ್ದು ತುಕ್ಕು ಹಿಡಿಯದ ಉಕ್ಕು. ಇದರಿಂದ ಚಾಕು ಮಾಡಿ ಅಂದಾಗ ಶೆಫೀಲ್ಡ್‌ನ ಚಾಕು ತಯಾರಕರು ಅವನನ್ನ 'ಕತ್ತರಿಸದ ಚಾಕು ಕಂಡುಹಿಡಿದವನು' ಅಂತ ಆಡ್ಕೊಂಡು ನಕ್ಕಿದ್ರು. ಆಮೇಲೆ ಅದೇ ಜಗತ್ತಿನ ಅಡುಗೆಮನೆ ತುಂಬ್ತು.

ಆದ್ರೆ ಅವರ ನಗುವಲ್ಲಿ ಒಂದು ಸತ್ಯ ಇತ್ತು. ತುಕ್ಕು ಹಿಡಿಯಲ್ಲ ಅಂದ್ರೆ ಒರೆಸೋದು ಬೇಡ, ಒರೆಸೋದು ಬೇಡ ಅಂದ್ರೆ ಯಾರೂ ಅಲಗಿನ ಬಾಯಿ ನೋಡಲ್ಲ. ಫಳಫಳ ಹೊಳೀತಾ ಇರೋ ಚಾಕು ಪೂರ್ತಿ ಮೊಂಡಾಗಿರುತ್ತೆ. ಸೈಕಲ್ ಮೇಲೆ ಕಲ್ಲಿನ ಚಕ್ರ ಇಟ್ಕೊಂಡು ಪೆಡಲ್ ತುಳಿದು ಸಾಣೆ ಹಿಡಿಯೋರು ಬೀದೀಲಿ ಕೂಗ್ತಾ ಬರ್ತಿದ್ರು, ಈಗ ಆ ಕೂಗು ಕೇಳೋದು ಅಪರೂಪ. ಮೊಂಡು ಚಾಕು ಸೇಫ್ ಅಂತ ಎಷ್ಟೋ ಮನೆಗಳಲ್ಲಿ ನಂಬ್ತಾರೆ, ಮಕ್ಕಳ ಕೈಗೆ ಬೇಕಂತಲೇ ಅದನ್ನೇ ಕೊಡ್ತಾರೆ. ಇದು ಉಲ್ಟಾ. ಹರಿತ ಚಾಕು ಟೊಮೇಟೊ ಸಿಪ್ಪೆ ಮೇಲೆ ಇಟ್ಟ ಕಡೆಯೇ ಇಳಿಯುತ್ತೆ. ಮೊಂಡು ಚಾಕು ಇಳಿಯಲ್ಲ, ಒತ್ತಬೇಕು, ಒತ್ತಿದಾಗ ಜಾರುತ್ತೆ, ಜಾರಿದ ಕಡೆ ಬೆರಳಿರುತ್ತೆ. ಟೊಮೇಟೊ ಕೊಯ್ಯೋಕಾಗದಷ್ಟು ಮೊಂಡಾದ ಚಾಕು ಕೂಡ ಅಷ್ಟು ಬಲದಲ್ಲಿ ಬಂದ್ರೆ ಚರ್ಮ ಸೀಳುತ್ತೆ.

ಈಗ ಭಾಗ 1ರ ಪ್ರಶ್ನೆಗೆ ವಾಪಸ್. ಈಳಿಗೆ ಕೈಗೆ ಕಲಿಸಿದ್ದು: ತರಕಾರಿ ಕೈಯಲ್ಲಿರುತ್ತೆ, ಗಾಳೀಲಿರುತ್ತೆ, ಹೋಳು ಸೀದಾ ಪಾತ್ರೆಗೆ, ಹಲಗೆ ಬೇಡ. ಅದೇ ಕೈಗೆ ಒಂದು ಚಾಕು ಕೊಟ್ಟಾಗ ಅದು ಉಳಿದಿದ್ದೆಲ್ಲ ಹಾಗೇ ಇಟ್ಕೊಂಡು ಕತ್ತೀನ ಮಾತ್ರ ಓಡಾಡಿಸ್ತು. ಯುರೋಪಿನ ಅಜ್ಜಿಯರೂ ಆಲೂಗಡ್ಡೆ ಸಿಪ್ಪೆಯನ್ನ ಹೆಬ್ಬೆರಳ ಕಡೆಗೇ ಹೆರೆಯೋದು ನಿಜ, ಹಾಗಾಗಿ ಎಲ್ಲಾನೂ ಈಳಿಗೆ ತಲೆಗೆ ಕಟ್ಟಲ್ಲ. ಆದ್ರೆ ಇಡೀ ಸಾಂಬಾರಿನ ತರಕಾರೀನ ಹಲಗೆಯೇ ಇಲ್ಲದೆ ಪಾತ್ರೆ ಮೇಲೆ ಹೆಚ್ಚೋ ಹಟ ನಮ್ಮದೇ.

ಪುಟ್ಟ ಚಾಕು, ಮೆತ್ತನೆ ಬೀನ್ಸು, ನಲವತ್ತು ವರ್ಷದ ಅನುಭವ. ಇವು ಮೂರೂ ಸೇರಿದ್ರೆ ಆ ಅಭ್ಯಾಸ ನಡೆಯುತ್ತೆ. ಅಮ್ಮಂದಿರ ಹೆಬ್ಬೆರಳ ಮೇಲೆ ಸಣ್ಣ ಸಣ್ಣ ಗೀರುಗಳಿರ್ತವೆ ನೋಡಿ, ಅಷ್ಟೇ. ಅದೇ ಅಭ್ಯಾಸ ಪೀಜಿ ರೂಮಿಗೋ, ಜರ್ಮನಿಯ ಹಾಸ್ಟೆಲ್‌ಗೋ ಹೋಗುತ್ತೆ. ಕೈಯಲ್ಲಿ ಆನ್‌ಲೈನಲ್ಲಿ ತರಿಸಿದ ಎಂಟಿಂಚಿನ ಶೆಫ್ ಚಾಕು, ಮುಂದೆ ಗಟ್ಟಿ ಗೆಣಸು, ಅನುಭವ ಎರಡು ವಾರ. ಆಗ ಆಗೋದು ಗೀರಲ್ಲ.

ಭಾಗ 8

ಯಾಕೆ ಗೀರಲ್ಲ ಅನ್ನೋದಕ್ಕೆ ಬೆರಳಿನ ಒಳಗೆ ನೋಡ್ಬೇಕು.

ಬೆರಳು ಮಡಚೋ ಸ್ನಾಯುಗಳು ಬೆರಳಲ್ಲಿ ಇಲ್ಲವೇ ಇಲ್ಲ. ಮುಖ್ಯವಾದವು ಇರೋದು ಮುಂಗೈಯಲ್ಲಿ. ಅಲ್ಲಿಂದ ಹುರಿಯಂಥ ಸ್ನಾಯುರಜ್ಜುಗಳು ಅಂಗೈ ದಾಟಿ ಬೆರಳಿಗೆ ಬರ್ತವೆ, ಪ್ರತೀ ಬೆರಳಿಗೆ ಎರಡು, ಹೆಬ್ಬೆರಳಿಗೆ ಒಂದು. ಒಂದು ಬಿಗಿಯಾದ ಕೊಳವೆಯೊಳಗೆ ಅವು ಹಿಂದೆ ಮುಂದೆ ಜಾರ್ತವೆ. ಎರಡೂ ಬದಿಯಲ್ಲಿ ನರ, ರಕ್ತನಾಳ. ಎಲ್ಲವೂ ಚರ್ಮದಿಂದ ಕೆಲವೇ ಮಿಲಿಮೀಟರ್ ಕೆಳಗೆ, ಅದೂ ಅಂಗೈ ಬದಿಯಲ್ಲಿ. ಅಂದ್ರೆ ಬೀನ್ಸ್ ಹಿಡಿದಾಗ ಚಾಕುವಿಗೆ ಮುಖ ಮಾಡಿರೋ ಅದೇ ಬದಿ. ರಜ್ಜು ತುಂಡಾದ್ರೆ ಪೈಜಾಮ ಲಾಡಿ ಒಳಗೆ ಸರಿದ ಹಾಗೆ ಅದರ ತುದಿ ಅಂಗೈ ಕಡೆ ಎಳ್ಕೊಂಡು ಹೋಗುತ್ತೆ. ಮೇಲಿನ ಗಾಯ ವಾಸಿಯಾದ್ರೂ ಬೆರಳು ಮಡಚಲ್ಲ.

ಕೈ ಶಸ್ತ್ರಚಿಕಿತ್ಸೆಯ ಹಿರಿಯ ಅಮೆರಿಕದ ಸ್ಟರ್ಲಿಂಗ್ ಬನೆಲ್ ಅಂಗೈ ನಡುವಿನಿಂದ ಬೆರಳಿನ ಮಧ್ಯದ ಗೆಣ್ಣಿನವರೆಗಿನ ಭಾಗಕ್ಕೆ ಮೊದಲ ಮಹಾಯುದ್ಧದ ಭಾಷೆಯ ಹೆಸರಿಟ್ಟರು: 'ಯಾರದ್ದೂ ಅಲ್ಲದ ನೆಲ'. ಎರಡು ಸೈನ್ಯಗಳ ಕಂದಕದ ನಡುವೆ ಇರೋ, ಕಾಲಿಟ್ಟವರು ವಾಪಸ್ ಬರದ ಜಾಗ. ಅಲ್ಲಿ ರಜ್ಜು ಕಡಿದ್ರೆ ತಕ್ಷಣ ಹೊಲಿಯೋಕೆ ಹೋಗ್ಬೇಡಿ, ಒಳಗೆಲ್ಲ ಅಂಟ್ಕೊಂಡು ಬೆರಳು ಕಟ್ಟಿಗೆಯಾಗುತ್ತೆ ಅನ್ನೋದು ಆ ಕಾಲದ ಬುದ್ಧಿಮಾತು. ಚರ್ಮ ಮಾತ್ರ ಮುಚ್ಚಿ, ಆಮೇಲೆ ಬೇರೆ ಕಡೆಯಿಂದ ರಜ್ಜು ತಂದು ಕಸಿ ಮಾಡಿ ಅಂತಿದ್ರು. 1960ರ ದಶಕದಲ್ಲಿ ಹೆರಾಲ್ಡ್ ಕ್ಲೈನರ್ಟ್ ಮತ್ತು ಜೊತೆಯವರು ಅಲ್ಲೂ ನೇರವಾಗಿ ಹೊಲಿದು, ಬೇಗ ಬೆರಳು ಆಡಿಸಲು ಶುರು ಮಾಡಿಸಿ, ಒಳ್ಳೇ ಫಲ ತೋರಿಸಿದಾಗ ತುಂಬಾ ಜನ ಡಾಕ್ಟರುಗಳೇ ನಂಬಲಿಲ್ಲ. ಇವತ್ತು ಅದೇ ದಾರಿ. ಆದ್ರೆ ಅದಕ್ಕೆ ಗಾಯ ಆದ ಕೆಲವು ದಿನಗಳೊಳಗೇ ಕೈ ಸರ್ಜನ್ ಸಿಗಬೇಕು, ಆಮೇಲೆ ತಿಂಗಳುಗಟ್ಟಲೆ ವ್ಯಾಯಾಮ.

ಇದನ್ನ ಇಷ್ಟು ಎಳೆದಿದ್ದು ಯಾಕಂದ್ರೆ, ನಮ್ಮಲ್ಲಿ ಬೆರಳಿನ ಗಾಯ ಅಂದ್ರೆ ಅರಿಶಿನ, ಕಾಫಿ ಪುಡಿ, ಸುಣ್ಣ, ಮೇಲೊಂದು ಬಟ್ಟೆ, ಮುಗೀತು. ರಕ್ತ ನಿಂತ್ರೆ ವಾಸಿಯಾಯ್ತು ಅಂತ ಲೆಕ್ಕ. ರಕ್ತ ನಿಂತ ಮೇಲೆ ನೋಡಬೇಕಾದ್ದು ಬೇರೆ ಇದೆ: ತುದಿಯ ಗೆಣ್ಣು ತಾನಾಗಿ ಮಡಚುತ್ತಾ? ನೇರ ಆಗುತ್ತಾ? ಬೆರಳ ತುದಿಯ ಎರಡೂ ಬದಿಗೆ ಮುಟ್ಟಿದ್ದು ಗೊತ್ತಾಗುತ್ತಾ? ಒಂದಕ್ಕೆ 'ಇಲ್ಲ' ಅಂದ್ರೂ ಅವತ್ತೇ ಆಸ್ಪತ್ರೆ.

ಭಾಗ 9

ಹಲಗೆ ಮೇಲೆ ಚಾಕು ಹಿಡಿಯೋಕೆ ಬೇರೆಯೇ ಕೈ ಬೇಕು. ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲಿ ಶುರುವಿನಲ್ಲೇ ಕಲಿಸೋದು ಇದನ್ನ. ನಮ್ಮ ದೇಶದಲ್ಲಿ ಅಂಥ ಮೊದಲ ಸಂಸ್ಥೆ ಬಂದಿದ್ದು 1954ರಲ್ಲಿ, ಬಾಂಬೆಯಲ್ಲಿ, ಅಂದ್ರೆ ಗ್ಯಾಸ್ ಬರೋದಕ್ಕೆ ಒಂದು ವರ್ಷ ಮೊದಲು. ಓದಿದವರಿಗೆ ಆ ಹಿಡಿತ ಬಂತು, ಮನೆಗಳಿಗೆ ಕಟ್ಟೆ ಮಾತ್ರ ಬಂತು.

ಕೊನೇ ಫೋಟೋದಲ್ಲಿ ಕೈ ನೋಡಿ. ಎಡಗೈ ಬೆರಳ ತುದಿಗಳು ಒಳಗೆ ಮಡಚಿವೆ, ಬೆಕ್ಕಿನ ಪಂಜದ ಹಾಗೆ. ಹೆಬ್ಬೆರಳು ಹಿಂದೆ ಅಡಗಿದೆ. ಅಲಗಿನ ಬದಿ ತಾಗಿರೋದು ಗೆಣ್ಣಿಗೆ, ಉಗುರಿಗಲ್ಲ. ಗೆಣ್ಣು ಗೋಡೆ, ಚಾಕು ಆ ಗೋಡೆ ಸವರ್ಕೊಂಡು ಮೇಲೆ ಕೆಳಗೆ ಹೋಗುತ್ತೆ. ಚಾಕು ಗೆಣ್ಣಿಗಿಂತ ಮೇಲೆ ಎತ್ತದೇ ಇದ್ರೆ ಬೆರಳಿಗೆ ಬರೋ ದಾರಿಯೇ ಇಲ್ಲ. ಹಲಗೆ ಕೆಳಗೆ ಒಂದು ಒದ್ದೆ ಬಟ್ಟೆ ಇದೆ, ಜಾರಬಾರದು ಅಂತ. ಈರುಳ್ಳಿ ಅರ್ಧ ಸೀಳಿ ಚಪ್ಪಟೆ ಬದಿ ಕೆಳಗೆ ಹಾಕಿದೆ, ಉರುಳಬಾರದು ಅಂತ. ಕುಂಬಳ, ಗೆಣಸಿಗೂ ಅದೇ. ಮೊದಲ ಸಣ್ಣ ಚೂರು ತೆಗೆದು ಒಂದು ಚಪ್ಪಟೆ ತಳ ಮಾಡ್ಕೊಳ್ಳಿ, ಆಮೇಲೆ ಉಳಿದಿದ್ದು. ಮೊದಲ ವಾರ ನಿಧಾನ ಆಗುತ್ತೆ, ಮನೇಲಿ ನಗ್ತಾರೆ, ಪರವಾಗಿಲ್ಲ.

ಚಾಕು ಕೈಯಿಂದ ಬಿದ್ರೆ ಹಿಡಿಯೋಕೆ ಹೋಗ್ಬೇಡಿ, ಕಾಲು ಹಿಂದೆ ತಗೊಂಡು ಬೀಳೋಕೆ ಬಿಡಿ. ಸೋಪು ನೀರಿರೋ ಸಿಂಕ್‌ನಲ್ಲಿ ಚಾಕು ಮುಳುಗಿಸಿ ಬಿಡ್ಬೇಡಿ, ಪಾತ್ರೆ ತೊಳೆಯೋರಿಗೆ ಅದು ಕಾಣಲ್ಲ. ಎಷ್ಟೋ ಮನೇಲಿ ಆ ಕೈ ಮನೆಯವರದ್ದಲ್ಲ, ಕೆಲಸಕ್ಕೆ ಬರೋರದ್ದು, ಒಂದು ವಾರ ಕೈಗೆ ನೀರು ತಾಗಿಸಬಾರದು ಅಂದ್ರೆ ಅವರಿಗೆ ಒಂದು ವಾರದ ಕೆಲಸ ಹೋದ ಹಾಗೆ. ಸಾಣೆಯವರು ಸಿಗದಿದ್ರೆ ಪಿಂಗಾಣಿ ಕಪ್ಪಿನ ತಳದಲ್ಲಿ ಹೊಳಪಿಲ್ಲದ ಒಂದು ಒರಟು ಅಂಚಿರುತ್ತೆ, ಅಲಗನ್ನ ಓರೆಯಾಗಿ ಹಿಡಿದು ಅದಕ್ಕೆ ಕೆಲವು ಸಲ ಸವರಿ. ತಾತ್ಕಾಲಿಕಕ್ಕೆ ಸಾಕು.

ಕೊಯ್ದೇ ಹೋಯ್ತು ಅಂದ್ರೆ: ಹರಿಯೋ ನೀರಲ್ಲಿ ತೊಳೀರಿ, ಶುಭ್ರ ಬಟ್ಟೆ ಒತ್ತಿ ಹಿಡೀರಿ, ಕೈ ಎದೆಗಿಂತ ಮೇಲೆತ್ತಿ. ಹತ್ತು ನಿಮಿಷ ಬಟ್ಟೆ ಸರಿಸಿ ಇಣುಕಬೇಡಿ. ಊದೋ ಮೊದಲೇ ಉಂಗುರ ತೆಗೀರಿ. ಪುಡಿಗಿಡಿ ಏನೂ ಹಾಕ್ಬೇಡಿ, ಡಾಕ್ಟರ್ ಅದನ್ನೆಲ್ಲ ಮತ್ತೆ ತೊಳೀಬೇಕಾಗುತ್ತೆ. ಟಿಟಿ ಯಾವಾಗ ಹಾಕಿಸಿದ್ದು ಅಂತ ಕೇಳ್ತಾರೆ, ನೆನಪಿರ್ಲಿ. ದೇವರ ದಯೆ, ಅಪರೂಪ, ಆದ್ರೂ ಬೆರಳ ತುಂಡೇ ಬೇರೆಯಾದ್ರೆ ಅದನ್ನ ಸೀದಾ ಐಸ್ ಮೇಲೆ ಇಡ್ಬೇಡಿ, ಜೀವಕೋಶ ಸಾಯುತ್ತೆ. ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೇಲಿ ಸುತ್ತಿ, ಪ್ಲಾಸ್ಟಿಕ್ ಕವರಲ್ಲಿ ಹಾಕಿ ಬಾಯಿ ಕಟ್ಟಿ, ಆ ಕವರನ್ನ ಐಸ್ ನೀರಲ್ಲಿಟ್ಟು, ಮೈಕ್ರೋ ಸರ್ಜರಿ ಇರೋ ಆಸ್ಪತ್ರೆಗೆ ಓಡಿ.

ನಿಮ್ಮ ಅಟ್ಟದಲ್ಲಿ ಹಳೇ ಈಳಿಗೆ ಇದ್ರೆ ಅಲಗಿನ ಬೇರು ಮಣೆಗೆ ಹೇಗೆ ಸೇರಿದೆ ಅಂತ ಕೆಳಗಿಂದ ಒಂದು ಫೋಟೋ ತೆಗೆದು ಕಳಿಸಿ. ಕಮ್ಮಾರ ಮಾಡಿದ್ದಾ, ಅಂಗಡೀದಾ ಅಂತ ಕೆಲವು ಸಲ ಅಲ್ಲೇ ಗೊತ್ತಾಗುತ್ತೆ. ಮನೇಲಿ ಅದನ್ನ ಏನಂತ ಕರೀತಾರೆ, ಯಾವ ಊರು, ಇಷ್ಟು ಬರೆದ್ರೆ ಸಾಕು. ತೆಗೆಯೋವಾಗ ಅಲಗು ಗೋಡೆ ಕಡೆ ಇರ್ಲಿ.